ತೆಳ್ಳನೆಯ ಪುಸ್ತಕ

ಐದಾರು ಹಳೆಯ ಕಾವ್ಯಗಳ ಪಟ್ಟಿಯೊಂದನ್ನು ವಿದ್ಯಾರ್ಥಿಗಳ ಕೈಗಿತ್ತು, ಇವುಗಳಲ್ಲಿ ನಿಮಗೆ ಬೇಕಾದ ಒಂದನ್ನು ಓದಿ ಪ್ರಬಂಧ ಬರೆದು ತನ್ನಿ ಎಂದು ಹೇಳಿದರೆ, ಮರುದಿನ ಬರುವ ಪ್ರಶ್ನೆಗಳು ಹೆಚ್ಚುಕಡಮೆ ಒಂದೇ ಬಗೆಯವು. ಯಾವುದು ಚಿಕ್ಕದು? ಯಾವುದಕ್ಕೆ ಗೈಡು ಸಿಕ್ಕುತ್ತದೆ? ಯಾವುದಕ್ಕೆ ಅಂಕ ಹೆಚ್ಚು ಬೀಳುತ್ತದೆ? ಪಂಪಭಾರತಕ್ಕೆ 14 ಆಶ್ವಾಸಗಳೆಂದು ತಿಳಿದೊಡನೆ ಅದು ಪಟ್ಟಿಯಿಂದ ತಾನಾಗಿಯೇ ಜಾರುತ್ತದೆ. ಗದುಗಿನ ಭಾರತದ ಗಾತ್ರವನ್ನು ಗ್ರಂಥಾಲಯದ ಬೀರುವಿನಲ್ಲಿ ಕಂಡ ಮೇಲೆ ಕುಮಾರವ್ಯಾಸನ ಹೆಸರನ್ನು ಯಾರೂ ಎತ್ತುವುದಿಲ್ಲ. ಕೊನೆಗೆ ಹಲವರ ಕೈಯಲ್ಲಿ ಉಳಿಯುವುದು ಜನ್ನನ ಯಶೋಧರ ಚರಿತೆ. ನಾಲ್ಕೇ ಅವತಾರಗಳು, ಬಹುಪಾಲು ಪುಟ್ಟ ಕಂದಪದ್ಯಗಳು, ಪುಸ್ತಕ ತೆಳ್ಳಗಿದೆ.

ಇದನ್ನು ಕಂಡು ನಕ್ಕುಬಿಡುವುದು ಸುಲಭ. ಈ ಕಾಲದ ಹುಡುಗರೇ ಹೀಗೆ ಎಂದು ನಿಟ್ಟುಸಿರುಬಿಡುವುದು ಇನ್ನೂ ಸುಲಭ. ಆದರೆ ತುಸು ನಿಂತು ಯೋಚಿಸಬೇಕಾದ ಪ್ರಶ್ನೆಯೊಂದು ಇಲ್ಲಿದೆ. ಸುಲಭವಾದುದನ್ನು ಆರಿಸಿಕೊಳ್ಳುವುದು ತಪ್ಪೇ? ತಪ್ಪಾದರೆ, ಸರಿಯಾದ ಆಯ್ಕೆಯನ್ನು ಆ ವಿದ್ಯಾರ್ಥಿ ಮಾಡುವುದಾದರೂ ಹೇಗೆ?

ಅಂಗಡಿಯಲ್ಲಿ ಮಾವಿನಹಣ್ಣನ್ನು ಆರಿಸುವವನಿಗೆ ಹಿಂದೆ ತಿಂದ ಹಣ್ಣಿನ ನೆನಪಿರುತ್ತದೆ. ಮೂಸಿ ನೋಡುತ್ತಾನೆ, ಮೆಲ್ಲಗೆ ಒತ್ತಿ ನೋಡುತ್ತಾನೆ. ಹಳಗನ್ನಡ ಕಾವ್ಯವನ್ನು ಮೊದಲ ಸಲ ಆರಿಸುವವನಿಗೆ ಆ ನೆನಪೇ ಇಲ್ಲ. ಯಾವುದು ತನಗೆ ಹಿಡಿಸುತ್ತದೆಂದು ತಿಳಿಯಬೇಕಾದರೆ ಓದಿರಬೇಕು. ಓದಿದ್ದರೆ ಆರಿಸುವ ಅಗತ್ಯವೇ ಇರುತ್ತಿರಲಿಲ್ಲ. ಅಷ್ಟೇ ಅಲ್ಲ, ಕಾವ್ಯವನ್ನು ಸವಿಯುವ ನಾಲಗೆಯನ್ನು ಆ ಓದೇ ಮೂಡಿಸಬೇಕಾಗಿದೆ. ಓದುವುದಕ್ಕೆ ಮುಂಚಿನ ಹುಡುಗ ಆರಿಸುತ್ತಾನೆ, ಓದಿ ಮುಗಿಸಿದ ಬೇರೊಬ್ಬ ಹುಡುಗ ಅದನ್ನು ಅನುಭವಿಸುತ್ತಾನೆ. ಹೀಗಿರುವಾಗ ಅವನಿಗೆ ಕಣ್ಣಿಗೆ ಕಾಣುವ ಅಳತೆಯೆಂದರೆ ಪುಟಗಳ ಸಂಖ್ಯೆ ಒಂದೇ. ಅದನ್ನು ಹಿಡಿದು ಆರಿಸಿದರೆ ದೂರುವಂತಿಲ್ಲ.

ಹಾಗಾದರೆ ಮೇಷ್ಟರೇ ಆರಿಸಿಕೊಡಲಿ ಎನ್ನಬಹುದು. ದಾರಿ ಗೊತ್ತಿಲ್ಲದವನನ್ನು ನಾಲ್ಕು ದಾರಿ ಕೂಡುವಲ್ಲಿ ನಿಲ್ಲಿಸಿ, ನಿನಗೆ ಬೇಕಾದತ್ತ ಹೋಗು ಎನ್ನುವುದು ಔದಾರ್ಯವಲ್ಲವೆಂಬ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಹೇರಿದ ಪುಸ್ತಕದಲ್ಲಿ ಒಂದು ತೊಡಕು. ರುಚಿಸದಿದ್ದರೆ ದೂರನ್ನು ಮೇಷ್ಟರ ತಲೆಗೆ ಕಟ್ಟಿ ವಿದ್ಯಾರ್ಥಿ ಹಗುರಾಗುತ್ತಾನೆ. ತಾನೇ ಆರಿಸಿದ್ದಾದರೆ, ಮೂವತ್ತನೆಯ ಪದ್ಯದಲ್ಲಿ ಬೇಸರ ಬಂದಾಗ ಅವನು ಮಾತಾಡಬೇಕಾದುದು ತನ್ನೊಡನೆಯೇ. ಆ ಮಾತುಕತೆ ವಿದ್ಯಾಭ್ಯಾಸದ ಒಂದು ಮುಖ್ಯ ಭಾಗ. ಆದ್ದರಿಂದ ಆಯ್ಕೆ ಕುರುಡಾಗಿದ್ದರೂ ಅವನದೇ ಆಗಿರಲಿ ಎಂದು ನನ್ನ ಅಭಿಪ್ರಾಯ. ನೀತಿಯ ಪ್ರಶ್ನೆ ಹುಟ್ಟುವುದು ಆರಿಸುವಾಗಲ್ಲ, ಆರಿಸಿದ ಮೇಲೆ.

ಈ ವಿಷಯಕ್ಕೆ ಆ ತೆಳ್ಳನೆಯ ಪುಸ್ತಕವೇ ಒಳ್ಳೆಯ ಸಾಕ್ಷಿ. 1209ರಲ್ಲಿ ಜನ್ನ ಬರೆದ ಈ ಕಾವ್ಯದ ತಿರುಳಿರುವುದು ಒಂದು ಹಿಟ್ಟಿನ ಕೋಳಿಯಲ್ಲಿ. ರಾಣಿ ಅಮೃತಮತಿ ಇರುಳಲ್ಲಿ ಕೇಳಿದ ಹಾಡಿಗೆ ಮನಸೋತು ಕುರೂಪಿಯಾದ ಮಾವುತನೊಬ್ಬನನ್ನು ಸೇರುತ್ತಾಳೆ. ಅದನ್ನು ಕಣ್ಣಾರೆ ಕಂಡ ಯಶೋಧರ, ತಾಯಿಗೆ ನಿಜವನ್ನು ಹೇಳಲಾರದೆ ಕೆಟ್ಟ ಕನಸಿನ ನೆಪ ಹೇಳುತ್ತಾನೆ. ಶಾಂತಿಗಾಗಿ ಬಲಿ ಕೊಡು ಎನ್ನುತ್ತಾಳೆ ತಾಯಿ. ಕೊಲ್ಲಲು ಮಗನ ಮನಸ್ಸು ಒಪ್ಪದು. ತಾಯ ಮಾತನ್ನು ಮೀರಲೂ ಒಪ್ಪದು. ಕೊನೆಗೆ ಹಿಟ್ಟಿನಿಂದ ಕೋಳಿ ಮಾಡಿ ಕಡಿಯುವುದೆಂದು ಒಪ್ಪಂದವಾಗುತ್ತದೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಪ್ರಾಣಿ ಸಾಯಲಿಲ್ಲ, ಆದರೆ ಕೊಲ್ಲುವ ಸಂಕಲ್ಪ ನಡೆದುಹೋಯಿತು. ಅದರ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಮೃಗಪಕ್ಷಿಗಳಾಗಿ ಹುಟ್ಟಿ ನವೆಯುತ್ತಾರೆ.

ಗೈಡು ನೋಡಿ ಬರೆದ ಪ್ರಬಂಧವೂ ಒಂದು ಹಿಟ್ಟಿನ ಕೋಳಿ. ಮೇಷ್ಟರನ್ನು ಮೀರುವಂತಿಲ್ಲ, ಓದಲು ಮನಸ್ಸಿಲ್ಲ. ಎರಡಕ್ಕೂ ನಡುವೆ ಒಂದು ಒಪ್ಪಂದ. ಇಂದು ಆ ಹಿಟ್ಟನ್ನು ನಾದಿ ಕೋಳಿಯ ಆಕಾರವನ್ನೂ ಕೊಟ್ಟು ಕೈಗಿಡುವ ಯಂತ್ರಗಳು ಬಂದಿವೆ; ಮೊಬೈಲಿನಲ್ಲಿ ಕೇಳಿದರೆ ಕ್ಷಣಮಾತ್ರದಲ್ಲಿ ಸಾರಾಂಶ ಸಿದ್ಧ. ಅಲ್ಲಿ ಕೈ ಕೊಲ್ಲದಿದ್ದರೂ ಮನಸ್ಸು ಕೊಂದಿತ್ತು. ಇಲ್ಲಿ ಕೈ ಬರೆದಿದ್ದರೂ ಮನಸ್ಸು ಓದಿಲ್ಲ. ಅಂಕವೇನೋ ಬೀಳಬಹುದು. ಆದರೆ ಓದದ ಪುಸ್ತಕದ ಮೇಲೆ ಅಭಿಪ್ರಾಯ ಹೇಳಬಹುದು, ಹೇಳಿ ಮೆಚ್ಚುಗೆಯನ್ನೂ ಪಡೆಯಬಹುದು ಎಂಬ ಪಾಠವನ್ನು ಆ ಹುಡುಗ ಕಲಿತ. ಇದು ಕಾಲೇಜಿನ ಗೋಡೆಯೊಳಗೆ ಉಳಿಯುವ ಪಾಠವಲ್ಲ. ಪುಟ ತೆರೆಯದೆ ಪುಸ್ತಕವನ್ನು ಹೊಗಳುವ ಸಭೆಗಳಿಗೂ, ಪುಟ ತೆರೆಯದೆ ಅದನ್ನು ಸುಡಬೇಕೆನ್ನುವ ಗುಂಪುಗಳಿಗೂ ಜನ ಸಿದ್ಧವಾಗುವುದು ಇಂಥ ಸಣ್ಣ ಸಣ್ಣ ಒಪ್ಪಂದಗಳಿಂದಲೇ.

ಸಂಕಲ್ಪವೇ ಮುಖ್ಯವೆಂದಾದರೆ, ತೆಳ್ಳಗಿದೆಯೆಂಬ ಕಾರಣಕ್ಕೆ ಪುಸ್ತಕ ಆರಿಸಿದವನ ಸಂಕಲ್ಪವೂ ಕೀಳಾದುದಲ್ಲವೇ ಎಂದು ಯಾರಾದರೂ ಕೇಳಬಹುದು. ಇದಕ್ಕೂ ಜನ್ನನಲ್ಲೇ ಉತ್ತರವಿದೆ. ಯಶೋಧರನ ಕಥೆಯನ್ನು ಕೇಳುವವನು ಮಾರಿದತ್ತ. ಕಥೆ ಹೇಳುವ ಅಣ್ಣ ತಂಗಿಯರನ್ನು ಅವನು ಕರೆತರಿಸಿದ್ದು ಚಂಡಮಾರಿಗೆ ಬಲಿಕೊಡಲು. ಅದಕ್ಕಿಂತ ಕೆಟ್ಟ ಉದ್ದೇಶದಿಂದ ಕಥೆಯ ಮುಂದೆ ಕುಳಿತ ಶ್ರೋತೃ ಇನ್ನೊಬ್ಬನಿರಲಾರ. ಆದರೂ ಅವನು ಕೊನೆಯವರೆಗೆ ಕೇಳಿದ. ಕೇಳಿ ಮುಗಿಸಿದ ಮೇಲೆ ಕತ್ತಿ ಎತ್ತಲಾರದೆ ಹೋದ. ಬಂದ ಉದ್ದೇಶವೇನೇ ಇರಲಿ, ಪೂರ್ತಿ ಕೇಳಿದವನನ್ನು ಕಥೆ ಬದಲಿಸಬಲ್ಲದು. ಅಂಕಕ್ಕಾಗಿ ಹಿಡಿದ ಪುಸ್ತಕಕ್ಕೂ ಇದೇ ಮಾತು ಸಲ್ಲುತ್ತದೆ.

ಬದಲಾಗುವುದೆಂದರೆ ಕವಿಗೆ ತಲೆಬಾಗುವುದೆಂದು ಅರ್ಥವಲ್ಲ. ಕಾವ್ಯವನ್ನು ಪೂರ್ತಿ ಓದಿದ ವಿದ್ಯಾರ್ಥಿನಿಯೊಬ್ಬಳು, ಅಮೃತಮತಿಯನ್ನು ಎಲ್ಲರೂ ದೂರುತ್ತಾರೆ, ಅವಳನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ ಎಂದು ಸಿಟ್ಟಾಗಬಹುದು. ಆ ಸಿಟ್ಟು ಸಾರಾಂಶ ಓದಿದವರಿಗೆ ಬರುವಂಥದಲ್ಲ. ಗಿರೀಶ ಕಾರ್ನಾಡರು ಇದೇ ಕಥೆಯನ್ನು ಮತ್ತೆ ಕೈಗೆತ್ತಿಕೊಂಡು 1980ರಲ್ಲಿ 'ಹಿಟ್ಟಿನ ಹುಂಜ' ನಾಟಕವನ್ನು ಬರೆದರು. ಅಲ್ಲಿ ರಾಣಿ ತನ್ನ ಮಾತನ್ನು ತಾನೇ ಆಡುತ್ತಾಳೆ. ಸುಮಾರು 770 ವರ್ಷ ಹಳೆಯ ಕಾವ್ಯವೊಂದು ಜೀವಂತವಾಗಿತ್ತೆಂಬುದಕ್ಕೆ ಇದಕ್ಕಿಂತ ಗುರುತು ಬೇಕೆ? ಓದಿ ಒಲ್ಲೆನೆನ್ನುವುದು ಓದುಗನ ಹಕ್ಕು. ಓದದೆ ಒಲ್ಲೆನೆನ್ನುವುದು ಬರಿಯ ಸೋಮಾರಿತನ.

ಹೀಗೆಂದ ಮೇಲೆ ಕಲಿಸುವವರ ಹೊಣೆಯೂ ಕಡಮೆಯದಲ್ಲ. ಪಟ್ಟಿ ಕೊಟ್ಟು ಕೈ ತೊಳೆದುಕೊಂಡರೆ ಸಾಲದು. ಪ್ರತಿಯೊಂದು ಪುಸ್ತಕದ ಕಷ್ಟವನ್ನೂ ಸೊಗಸನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಒಂದೊಂದರಿಂದ ಹತ್ತು ಪದ್ಯಗಳನ್ನಾದರೂ ಗಟ್ಟಿಯಾಗಿ ಓದಿ ಕಿವಿಗೆ ಬೀಳಿಸಬೇಕು. ದೊಡ್ಡ ಕಾವ್ಯಕ್ಕೆ ಅಂಜುವವರಿಗೆ ಸಂಗ್ರಹಗಳಿವೆ. ಟಿ. ಎಸ್. ವೆಂಕಣ್ಣಯ್ಯನವರೂ ಎ. ಆರ್. ಕೃಷ್ಣಶಾಸ್ತ್ರಿಗಳೂ ಸಿದ್ಧಪಡಿಸಿದ ಹರಿಶ್ಚಂದ್ರಕಾವ್ಯ ಸಂಗ್ರಹದಲ್ಲಿ ಪದ್ಯಗಳು ಕಡಮೆಯಾದರೂ ಇರುವ ಪದ್ಯಗಳು ರಾಘವಾಂಕನವೇ. ಗೈಡಿನಲ್ಲಿ ಕವಿಯೇ ಇರುವುದಿಲ್ಲ. ಈ ಭೇದವನ್ನು ತಿಳಿಸಿದರೆ ಎಷ್ಟೋ ಹುಡುಗರು ತಾವಾಗಿಯೇ ಸಂಗ್ರಹದ ಕಡೆಗೆ ಬರುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಓದಿ ಹಿಡಿಸಲಿಲ್ಲವೆಂದು ಕಾರಣಸಹಿತ ಬರೆದವನ ಅಂಕವನ್ನು ಕತ್ತರಿಸಬಾರದು. ಹೊಗಳಿದರೇ ಅಂಕ ಎಂದಾದ ಕಡೆ ಹಿಟ್ಟಿನ ಕೋಳಿಯ ಅಚ್ಚನ್ನು ಮೇಷ್ಟರೇ ಕೊಟ್ಟಂತಾಯಿತು.

ಮನೆಯಲ್ಲಿ ತಾಯ್ತಂದೆಗಳೂ ಒಂದು ಕೆಲಸ ಮಾಡಬಹುದು. ಯಾವ ಪುಸ್ತಕ ತೆಗೆದುಕೊಂಡೆ, ಎಷ್ಟು ಅಂಕ ಬಂತು ಎಂದು ಕೇಳುವುದರ ಜೊತೆಗೆ, ಅದರಲ್ಲಿ ಯಾವ ಮಾತು ನಿನ್ನನ್ನು ತಡೆದು ನಿಲ್ಲಿಸಿತು ಎಂದೂ ಕೇಳಿ ನೋಡಲಿ. ಓದಿದವನಿಗೆ ಉತ್ತರ ಹೇಳಲು ತುಸು ಹೊತ್ತು ಬೇಕಾದೀತು. ಆದರೆ ಆ ಉತ್ತರ ಯಾವ ಅಂಗಡಿಯಲ್ಲಿಯೂ ಸಿಕ್ಕುವಂಥದಲ್ಲ.