ಅಭಿಮಾನಕ್ಕೆ ಕಾರಣ ಬೇಕೆ?

ಲೋಕದಲ್ಲಿ ಒಂದು ವಸ್ತುವನ್ನು ಮೆಚ್ಚುವವರು ಅನೇಕರು. ಮೆಚ್ಚುಗೆಗೆ ಕಾರಣ ಹೇಳಬಲ್ಲವರು ಕೆಲವರು. ತಾವು ಹೇಳಿದ ಕಾರಣವೇ ನಿಜವಾದ ಕಾರಣವೆಂದು ಎದೆ ಮುಟ್ಟಿಕೊಂಡು ಹೇಳಬಲ್ಲವರು ತೀರ ವಿರಳ. ಗುಣವನ್ನು ಕಂಡು ಒಲಿಯುತ್ತೇವೆಯೊ, ಒಲಿದ ಮೇಲೆ ಗುಣವನ್ನು ಕಾಣುತ್ತೇವೆಯೊ ಎಂಬ ಪ್ರಶ್ನೆ ಹಳೆಯದು. ಅದನ್ನು ನಾವು ಇಲ್ಲಿ ಹೊಸದೊಂದು ಉದಾಹರಣೆಯ ಮೂಲಕ ವಿಚಾರಿಸಬೇಕೆಂದಿದ್ದೇವೆ. ಆ ಉದಾಹರಣೆ ವಿದ್ಯಾರ್ಥಿಗಳಿಗೆ ಪ್ರಿಯವಾದದ್ದು. ಉಪಾಧ್ಯಾಯರಿಗೆ ಮೊದಲ ನೋಟಕ್ಕೆ ಹಗುರವೆಂದು ತೋರಬಹುದು. ಇಟಲಿಯ ಫೆರಾರಿ ಎಂಬ ಅತಿವೇಗದ ಕಾರಿಗೆ ಮನಸೋತವನು ಅದೇ ದೇಶದ ಲಂಬೋರ್ಗಿನಿಯನ್ನಾಗಲಿ, ಮಸೆರಾತಿಯನ್ನಾಗಲಿ, ಜರ್ಮನಿಯ ಪೋರ್ಷೆಯನ್ನಾಗಲಿ ಎಷ್ಟು ಹೊಗಳಿದರೂ ತಿರುಗಿ ನೋಡುವುದಿಲ್ಲ. ವೇಗದಲ್ಲಿಯೂ ಅಂದದಲ್ಲಿಯೂ ಇವು ಕಡಿಮೆಯವಲ್ಲ. ಹೀಗಿರಲಾಗಿ ಅವನ ಹಟಕ್ಕೆ ಆಧಾರವೇನು? ಆ ಆಧಾರ ವಿವೇಕಕ್ಕೆ ಒಪ್ಪತಕ್ಕದ್ದೆ?

ಮೊದಲು ಶಬ್ದಗಳನ್ನು ನೋಡೋಣ. ಇಂಥವರನ್ನು ಇಟಲಿಯ ಜನ ‘ತಿಫೋಸಿ’ ಎಂದು ಕರೆಯುತ್ತಾರೆ. ಅದರ ಮೂಲದಲ್ಲಿರುವುದು ಟೈಫಸ್ ಎಂಬ ವಿಷಮಜ್ವರದ ಹೆಸರು. ಅಂದರೆ ಅವರ ದೃಷ್ಟಿಯಲ್ಲಿ ಇದೊಂದು ಜ್ವರ. ನಾವು ಕನ್ನಡದಲ್ಲಿ ‘ಅಭಿಮಾನಿ’ ಎನ್ನುತ್ತೇವೆ. ಸಾಂಖ್ಯರ ಪ್ರಕಾರ ಅಭಿಮಾನವೆಂಬುದು ಅಹಂಕಾರದ ವ್ಯಾಪಾರ. ‘ನಾನು’, ‘ನನ್ನದು’ ಎಂಬ ಭಾವ. ಅದೇ ಶಬ್ದ ಕನ್ನಡಕ್ಕೆ ಬಂದು ಪ್ರೀತಿ, ಆದರ ಎಂಬ ಮೆದುವಾದ ಅರ್ಥವನ್ನು ಪಡೆಯಿತು. ಆದರೂ ಹಳೆಯ ಅರ್ಥ ಪೂರ್ತಿಯಾಗಿ ಅಳಿಸಿಹೋಗಿಲ್ಲ. ಅಭಿಮಾನದೊಳಗೆ ಪ್ರೀತಿಯೂ ಇದೆ, ಅಹಂಕಾರವೂ ಇದೆ. ಇವುಗಳನ್ನು ಬೇರೆ ಬೇರೆ ಮಾಡಿ ನೋಡುವುದೇ ನಮ್ಮ ಈ ಬರೆಹದ ಉದ್ದೇಶ.

ಅಭಿಮಾನಿಯನ್ನು ಕೇಳಿದರೆ ಅವನು ಕೊಡುವ ಮೊದಲನೆಯ ಕಾರಣ ಗುಣ: “ಎಲ್ಲಕ್ಕಿಂತ ಇದು ಉತ್ತಮವಾದ್ದರಿಂದ ನನಗೆ ಪ್ರಿಯ.” ಇದನ್ನು ಇತಿಹಾಸದ ಒರೆಗಲ್ಲಿಗೆ ಹಚ್ಚೋಣ. ಗುಣವೇ ಕಾರಣವಾಗಿದ್ದರೆ, ಹೆಚ್ಚಿನ ಗುಣ ಕಂಡಲ್ಲಿಗೆ ಪ್ರೀತಿ ವಲಸೆ ಹೋಗಬೇಕಷ್ಟೆ. 1959ರಲ್ಲಿ ಇಂಗ್ಲೆಂಡಿನ ಕೂಪರ್ ಎಂಬ ಸಣ್ಣ ಕಾರ್ಖಾನೆಯವರು ಎಂಜಿನನ್ನು ಚಾಲಕನ ಬೆನ್ನ ಹಿಂದೆ ಇರಿಸಿದ ಕಾರಿನಿಂದ ವಿಶ್ವ ಚಾಂಪಿಯನ್ ಪದವಿಯನ್ನು ಗೆದ್ದರು. ಫೆರಾರಿಯ ಸ್ಥಾಪಕ ಎಂಜೊ ಫೆರಾರಿಯವರಿಗೆ ಈ ಕ್ರಮ ಒಗ್ಗಲಿಲ್ಲ. ಎತ್ತು ಗಾಡಿಯ ಮುಂದಿರಬೇಕೇ ಹೊರತು ಹಿಂದಲ್ಲ ಎಂಬ ಅರ್ಥದ ಮಾತನ್ನು ಅವರು ಆಡುತ್ತಿದ್ದರೆಂದು ಪ್ರಸಿದ್ಧಿಯಿದೆ. ಅವರ ಪಂದ್ಯದ ಕಾರುಗಳು ಪೂರ್ಣವಾಗಿ ಹೊಸ ಕ್ರಮಕ್ಕೆ ಬಂದದ್ದು 1961ರಲ್ಲಿ. ಬೀದಿಯಲ್ಲಿ ಓಡಿಸುವ ಕಾರುಗಳ ಕಥೆಯೂ ಹೀಗೆಯೇ. ಲಂಬೋರ್ಗಿನಿಯವರು 1966ರಲ್ಲಿ ಹನ್ನೆರಡು ಸಿಲಿಂಡರಿನ ಎಂಜಿನನ್ನು ಹಿಂಬದಿಯಲ್ಲಿ ಅಡ್ಡಲಾಗಿ ಕೂರಿಸಿ ಮಿಯುರಾ ಎಂಬ ಕಾರನ್ನು ಹೊರತಂದು ಲೋಕವನ್ನು ಬೆರಗುಗೊಳಿಸಿದರು. ಎರಡು ವರ್ಷದ ಮೇಲೆ, 1968ರಲ್ಲಿ, ಫೆರಾರಿಯವರು ‘ಡೇಟೋನಾ’ ಎಂದು ಹೆಸರಾದ ಕಾರನ್ನು ಹೊರಡಿಸಿದಾಗ ಅದರ ಎಂಜಿನು ಇನ್ನೂ ಮುಂದುಗಡೆಯೇ ಇದ್ದಿತು. ಎತ್ತು ಗಾಡಿಯ ಮುಂದೆಯೇ ಇತ್ತು. ಅಭಿಮಾನಿಗಳೂ ಗಾಡಿಯನ್ನು ಬಿಟ್ಟು ಇಳಿಯಲಿಲ್ಲ. ಆದುದರಿಂದ ಗುಣವು ಪ್ರೀತಿಗೆ ನೆರವಾಗಬಹುದು. ಅದೇ ಪ್ರೀತಿಯ ಬುನಾದಿಯೆಂದು ಹೇಳಲಾಗದು.

ಎರಡನೆಯ ಕಾರಣ ಪ್ರತಿಷ್ಠೆ: “ಬೆಲೆ ಬಾಳುವ ವಸ್ತುವನ್ನು ಹೊಂದುವುದರಿಂದ ಮರ್ಯಾದೆ ಹೆಚ್ಚುತ್ತದೆ.” ಇದು ಕೊಳ್ಳುವವನ ಮಟ್ಟಿಗೆ ನಿಜವಿದ್ದೀತು. ಆದರೆ ಕೊಳ್ಳುವವರು ಎಷ್ಟು ಮಂದಿ? 2024ನೆಯ ಇಡೀ ವರ್ಷದಲ್ಲಿ ಜಗತ್ತಿಗೆಲ್ಲ ಸೇರಿ ಫೆರಾರಿ ಸಂಸ್ಥೆ ಒದಗಿಸಿದ ಕಾರುಗಳು 13,752. ಮಿಲಾನ್ ನಗರದ ಹತ್ತಿರವಿರುವ ಮೊನ್ಜಾದ ಪಂದ್ಯದ ದಿನ ಕೆಂಪು ಬಾವುಟ ಹಿಡಿದು ಸೇರುವ ಜನಸ್ತೋಮದಲ್ಲಿ ಬಹುಪಾಲು ಮಂದಿ ಆ ಕಾರಿನ ಬಾಗಿಲನ್ನು ಒಮ್ಮೆಯೂ ತೆರೆದವರಲ್ಲ. ನಮ್ಮ ಊರುಗಳಲ್ಲಿ ನೋಟುಬುಕ್ಕಿನ ರಟ್ಟಿಗೆ ಅದರ ಚಿತ್ರವನ್ನು ಅಂಟಿಸಿಕೊಳ್ಳುವ ಹುಡುಗನ ಮಾತಂತೂ ಹೇಳಬೇಕಾಗಿಲ್ಲ. ಸ್ವಾಮ್ಯದ ಆಸೆಯೇ ಇಲ್ಲದ ಕಡೆ ಪ್ರತಿಷ್ಠೆಯ ಮಾತು ಸಲ್ಲುವುದಿಲ್ಲ.

ಮೂರನೆಯದು ವಿಜಯ: “ಗೆಲ್ಲುವ ಪಕ್ಷದ ಕಡೆ ಜನ ಸೇರುತ್ತಾರೆ.” ಇದು ಇನ್ನೂ ದುರ್ಬಲವಾದ ವಾದ. ಜೋಡಿ ಷೆಕ್ಟರ್ 1979ರಲ್ಲಿ ಫೆರಾರಿಯಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ, ಮೈಕೆಲ್ ಷೂಮಾಕರ್ 2000ದಲ್ಲಿ ಆ ಪದವಿಯನ್ನು ಮರಳಿ ತರುವ ತನಕ ಇಪ್ಪತ್ತೊಂದು ವರ್ಷ ಅಲ್ಲಿನ ಯಾವ ಚಾಲಕನಿಗೂ ಅದು ದಕ್ಕಲಿಲ್ಲ. 1991, 1992, 1993 — ಈ ಮೂರು ವರ್ಷಗಳಲ್ಲಿ ಅವರು ಒಂದೇ ಒಂದು ಗ್ರ್ಯಾನ್ ಪ್ರಿ ಪಂದ್ಯವನ್ನೂ ಗೆಲ್ಲಲಿಲ್ಲ. 2024ರಲ್ಲಿ ತಯಾರಕರ ಪದವಿಯು ಹದಿನಾಲ್ಕೇ ಅಂಕಗಳಿಂದ ಕೈತಪ್ಪಿ ಮೆಕ್ಲಾರೆನ್ ಪಾಲಾಯಿತು. ಸೋಲಿನ ಈ ದೀರ್ಘಕಾಲದಲ್ಲಿ ಅಭಿಮಾನ ಬತ್ತಿತೆ? ಬತ್ತಲಿಲ್ಲ, ಬಹುಶಃ ಬೇರು ಬಿಟ್ಟಿತು.

ಎಲ್ಲಕ್ಕಿಂತ ಅರ್ಥಪೂರ್ಣವಾದ ನಿದರ್ಶನ 1988ರದು. ಆ ವರ್ಷದ ಹದಿನಾರು ಪಂದ್ಯಗಳಲ್ಲಿ ಹದಿನೈದನ್ನು ಮೆಕ್ಲಾರೆನ್ ತಂಡವೇ ಗೆದ್ದಿತು. ಆಗಸ್ಟ್ 14ರಂದು ತೊಂಬತ್ತು ವರ್ಷದ ಎಂಜೊ ಫೆರಾರಿ ತೀರಿಕೊಂಡರು. ಸೆಪ್ಟೆಂಬರ್ 11ರಂದು ಮೊನ್ಜಾದಲ್ಲಿ, ಮುಂದಿದ್ದ ಮೆಕ್ಲಾರೆನ್ ಚಾಲಕ ಸೆನ್ನಾ ಇನ್ನು ಎರಡೇ ಸುತ್ತು ಇರುವಾಗ ಇನ್ನೊಂದು ಕಾರಿಗೆ ತಗುಲಿ ಹೊರಬೀಳಲು, ಬರ್ಗರ್ ಮತ್ತು ಅಲ್ಬೊರೆತೊ ಓಡಿಸುತ್ತಿದ್ದ ಎರಡು ಫೆರಾರಿಗಳು ಮೊದಲನೆಯ ಮತ್ತು ಎರಡನೆಯ ಸ್ಥಾನಗಳಲ್ಲಿ ಗುರಿ ಮುಟ್ಟಿದುವು. ವರ್ಷವಿಡೀ ಮೆಕ್ಲಾರೆನ್ನಿಗೆ ತಪ್ಪಿಹೋದ ಏಕೈಕ ಪಂದ್ಯ ಅದು. ಲೆಕ್ಕಾಚಾರದವನು ಅದನ್ನು ಅದೃಷ್ಟವೆಂದಾನು. ಅವನ ಮಾತು ತಪ್ಪಲ್ಲ. ಆದರೆ ಅಂದು ಅಲ್ಲಿ ಸೇರಿದ್ದವರಿಗೆ ಅದು ತಮ್ಮ ಮನೆಯ ಹಿರಿಯರಿಗೆ ಸಲ್ಲಿಸಿದ ತರ್ಪಣದಂತೆ ಕಂಡಿರಬೇಕು. ಇಬ್ಬರೂ ನೋಡಿದ ಸಂಗತಿ ಒಂದೇ. ಎರಡನೆಯವರ ಬಳಿ ಅದಕ್ಕೊಂದು ಹಿಂದಿನ ಕಥೆ ಇದ್ದಿತು.

ನಮ್ಮ ಪ್ರಶ್ನೆಗೆ ಉತ್ತರ ಈ ಕಥೆಯಲ್ಲಿಯೇ ಇದೆಯೆಂದು ನಾವು ತಿಳಿಯುತ್ತೇವೆ. ಫೆರಾರಿಯ ಲಾಂಛನಗಳನ್ನೇ ನೋಡಿರಿ. ಹಿಂಗಾಲ ಮೇಲೆ ನಿಂತ ಕರಿಯ ಕುದುರೆ ಅವರ ಸ್ವಂತದ್ದಲ್ಲ. ಮೊದಲನೆಯ ಮಹಾಯುದ್ಧದಲ್ಲಿ, 1918ರಲ್ಲಿ ಮಡಿದ ಫ್ರಾಂಚೆಸ್ಕೊ ಬರಾಕ್ಕಾ ಎಂಬ ವಿಮಾನವೀರನ ಗುರುತು. 1923ರಲ್ಲಿ ರವೆನ್ನಾದ ಬಳಿ ಪಂದ್ಯ ಗೆದ್ದ ತರುಣ ಎಂಜೊಗೆ ಆ ವೀರನ ತಾಯಿ ಅದನ್ನು ಧರಿಸುವಂತೆ ಹೇಳಿದರೆಂದು ಎಂಜೊ ಅವರೇ ತಿಳಿಸಿದ್ದಾರೆ. ಕೆಂಪು ಬಣ್ಣ ಪಂದ್ಯಗಳಲ್ಲಿ ಇಟಲಿ ದೇಶಕ್ಕೆ ಗೊತ್ತಾಗಿದ್ದ ಬಣ್ಣ. ಆಲ್ಫಾ ರೋಮಿಯೊ, ಮಸೆರಾತಿ ಕಾರುಗಳೂ ಅದನ್ನೇ ಬಳಿದುಕೊಂಡವು. ಲಾಂಛನದ ಹಳದಿ ಮೊಡೆನಾ ನಗರದ್ದು. ಎಲ್ಲವೂ ಎರವು. ಹಾಗಿದ್ದರೂ ಎರವಿನ ಈ ಗುರುತುಗಳನ್ನು 1947ರಿಂದ ಇಂದಿನವರೆಗೆ ಬಿಡದೆ ಹೊತ್ತು ತಂದುದರಿಂದ ಅವು ಅವರವೇ ಆದುವು. ವಿಶ್ವ ಚಾಂಪಿಯನ್‌ಷಿಪ್ ಮೊದಲುಗೊಂಡ 1950ರಿಂದ ಒಂದು ವರ್ಷವೂ ತಪ್ಪದೆ ಪಾಲುಗೊಂಡ ತಂಡ ಇದೊಂದೇ. ತಾತ ನೋಡಿದ ಬಣ್ಣವನ್ನೇ ಮೊಮ್ಮಗ ನೋಡುತ್ತಾನೆ. ಅಭಿಮಾನಿಯು ಪ್ರೀತಿಸುವುದು ಲೋಹದ ಯಂತ್ರವೊಂದನ್ನಲ್ಲ. ಸೋಲು ಗೆಲವುಗಳೆರಡನ್ನೂ ಒಟ್ಟಿಗೆ ಕಂಡ ಒಂದು ಸಹವಾಸವನ್ನು.

ಪ್ರತಿಪಕ್ಷಕ್ಕೂ ನ್ಯಾಯ ಸಲ್ಲಬೇಕು. ಲಂಬೋರ್ಗಿನಿಯ ಅಭಿಮಾನಿಗೂ ತನ್ನದೇ ಆದ ಕಥೆಯಿದೆ. ಫೆರುಚ್ಚೊ ಲಂಬೋರ್ಗಿನಿ ಟ್ರ್ಯಾಕ್ಟರು ಮಾಡಿ ಹಣವಂತರಾದ ರೈತರ ಮಗ. ತಮ್ಮ ಫೆರಾರಿ ಕಾರಿನ ಕ್ಲಚ್ಚಿನ ವಿಷಯವಾಗಿ ಎಂಜೊ ಅವರಿಗೆ ದೂರು ಹೇಳಹೋಗಿ, ಅವಮಾನ ಪಡೆದು, ಅದೇ ಸೀಮೆಯ ಸಂತಾಗಾತಾ ಎಂಬಲ್ಲಿ 1963ರಲ್ಲಿ ತಮ್ಮದೇ ಕಾರ್ಖಾನೆಯನ್ನು ತೆರೆದರೆಂಬ ಕಥೆ ಪ್ರಚಲಿತವಾಗಿದೆ. ಪಂದ್ಯಗಳ ಗೊಡವೆ ಬೇಡವೆಂದ ಅವರ ಕಾರುಗಳಿಗೆ ಗೂಳಿ ಲಾಂಛನವಾಯಿತು. ಗದ್ದೆಯ ಮಣ್ಣಿನಿಂದೆದ್ದು ದೊಡ್ಡವರಿಗೆ ಉತ್ತರ ಕೊಟ್ಟ ಈ ಕೆಚ್ಚಿಗೆ ಒಲಿದವನ ಪ್ರೀತಿ, ಕುದುರೆಗೆ ಒಲಿದವನ ಪ್ರೀತಿಗಿಂತ ಕಡಿಮೆಯದೆಂದು ಹೇಳಲು ನಮ್ಮಲ್ಲಿ ಯಾವ ಅಳತೆಗೋಲೂ ಇಲ್ಲ.

ಇಲ್ಲೊಂದು ಆಕ್ಷೇಪವನ್ನು ಎತ್ತಬಹುದು. ಗುಣವನ್ನು ನೋಡದ ಪ್ರೀತಿ ಕುರುಡಲ್ಲವೆ? ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಾಡಿದ ಹಿರಿಯರು ಇದನ್ನೇ ಅಲ್ಲವೆ ಹೇಳಿದ್ದು? ಈ ಗಾದೆಯನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಹೆತ್ತವಳು ತನ್ನ ಮಗುವನ್ನು ಮುದ್ದಿಸುವುದರಲ್ಲಿ ನಗೆಗೆ ಎಡೆಯಿಲ್ಲ. ಅವಳು ಮುದ್ದಿಸದಿದ್ದರೆ ಲೋಕ ನಡೆಯುವುದಿಲ್ಲ. ನಗೆಗೆ ಎಡೆಯಾಗುವುದು ಅವಳು ಬೀದಿಗೆ ಬಂದು, ಊರಿನ ಮಕ್ಕಳಲ್ಲೆಲ್ಲ ತನ್ನದೇ ಚೆಲುವೆಂದು ಜಗಳಕ್ಕೆ ನಿಂತಾಗ. ‘ಇದು ನನಗೆ ಪ್ರಿಯ’ ಎಂಬುದು ಸಂಬಂಧವನ್ನು ತಿಳಿಸುವ ಮಾತು. ಅದಕ್ಕೆ ಸಾಕ್ಷಿ ಬೇಕಿಲ್ಲ. ‘ಇದು ಎಲ್ಲಕ್ಕಿಂತ ಶ್ರೇಷ್ಠ’ ಎಂಬುದು ಲೋಕದ ವಿಷಯವಾಗಿ ಹೇಳಿದ ಮಾತು. ಅದಕ್ಕೆ ಸಾಕ್ಷಿ ಬೇಕೇ ಬೇಕು. ಮೊದಲನೆಯದನ್ನು ಎರಡನೆಯದೆಂದು ಬಗೆದಲ್ಲಿ ಅಭಿಮಾನವು ದುರಭಿಮಾನವಾಗುತ್ತದೆ.

ಕಾರಣವಿಲ್ಲದೆ ಪ್ರೀತಿಸುವ ಹಕ್ಕಿನ ಜೊತೆಗೆ ಒಂದು ಕರ್ತವ್ಯವೂ ಅಂಟಿಕೊಂಡಿದೆ. ಪ್ರೀತಿಯು ಕಾರಣವನ್ನು ಮೀರಬಹುದು, ಸತ್ಯವನ್ನು ಮೀರಬಾರದು. 1957ರ ಮೇ 12ರಂದು, ಸಾರ್ವಜನಿಕ ರಸ್ತೆಗಳ ಮೇಲೆಯೇ ನಡೆಯುತ್ತಿದ್ದ ‘ಮಿಲ್ಲೆ ಮಿಲ್ಯಾ’ ಪಂದ್ಯದಲ್ಲಿ, ಗ್ವಿದಿತ್ಸೊಲೊ ಎಂಬ ಊರಿನ ಬಳಿ ಫೆರಾರಿ ಕಾರೊಂದರ ಟೈರು ಒಡೆದು, ಕಾರು ದಾರಿಯ ಬದಿಯ ಜನರ ಮೇಲೆ ಹಾಯಿತು. ಚಾಲಕ ಪೊರ್ತಾಗೊ, ಅವನ ಜೊತೆಗಾರ, ಮತ್ತು ಒಂಬತ್ತು ಮಂದಿ ಪ್ರೇಕ್ಷಕರು ಸತ್ತರು. ಪ್ರೇಕ್ಷಕರಲ್ಲಿ ಐವರು ಮಕ್ಕಳು. ಎಂಜೊ ಫೆರಾರಿಯವರ ಮೇಲೆ ಮೊಕದ್ದಮೆ ನಡೆದು 1961ರಲ್ಲಿ ಅವರು ನಿರ್ದೋಷಿಯೆಂದು ತೀರ್ಮಾನವಾಯಿತು. ನ್ಯಾಯಾಲಯದ ತೀರ್ಪಿನಿಂದ ಕಾನೂನಿನ ಋಣ ತೀರುತ್ತದೆ; ನೆನಪಿನ ಋಣ ತೀರುವುದಿಲ್ಲ. ಮೊನ್ಜಾದ ಹಿಗ್ಗನ್ನು ತನ್ನದೆನ್ನುವ ಅಭಿಮಾನಿ ಗ್ವಿದಿತ್ಸೊಲೊದ ದುಃಖವನ್ನೂ ತನ್ನದೆನ್ನಬೇಕು. ಸಹವಾಸದ ಕಥೆಯಲ್ಲಿ ಬೇಕಾದ ಪುಟಗಳನ್ನು ಇಟ್ಟುಕೊಂಡು ಬೇಡಾದುವನ್ನು ಹರಿದು ಹಾಕುವವನು ಪ್ರೀತಿಸುತ್ತಿರುವುದು ಆ ವಸ್ತುವನ್ನಲ್ಲ, ತನ್ನನ್ನೇ. ಸಾಂಖ್ಯರು ಹೇಳಿದ ಅಹಂಕಾರ ಇದೇ ಸರಿ.

ಇನ್ನೂ ಒಂದು ಎಚ್ಚರ ಬೇಕು. ಫೆರಾರಿ ಒಂದು ವ್ಯಾಪಾರದ ಸಂಸ್ಥೆ. 1969ರಲ್ಲಿ ಅದರ ಅರ್ಧದಷ್ಟು ಪಾಲು ಫಿಯಾಟ್ ಕಂಪನಿಗೆ ಹೋಯಿತು. 2015ರಲ್ಲಿ ಅದರ ಷೇರುಗಳು ನ್ಯೂಯಾರ್ಕಿನ ಪೇಟೆಗೆ ಬಂದುವು. ಲಂಬೋರ್ಗಿನಿಯಂತೂ ಹಲವು ಕೈಗಳನ್ನು ದಾಟಿ 1998ರಲ್ಲಿ ಜರ್ಮನಿಯ ಆಡಿ ಕಂಪನಿಯ ವಶವಾಯಿತು. ಜನರ ಪ್ರೀತಿಯೂ ಇಂಥ ಸಂಸ್ಥೆಗಳಿಗೆ ಬಂಡವಾಳವಾಗಿಬಿಡುತ್ತದೆ. ಟೋಪಿ, ಅಂಗಿ, ಆಟಿಕೆಗಳ ರೂಪದಲ್ಲಿ ಅದನ್ನೇ ಜನರಿಗೆ ಮರಳಿ ಮಾರುತ್ತಾರೆ. ಮನುಷ್ಯರಿಗೆ ಸಲ್ಲತಕ್ಕ ನಿಷ್ಠೆಯನ್ನು ಮಾರಾಟದ ಹೆಸರಿಗೆ ಒಪ್ಪಿಸಿಬಿಡುವುದು ವಿವೇಕವಲ್ಲ. ಕಾರಿನ ಮೇಲಿನ ಅಭಿಮಾನ ಆಟದ ಮಟ್ಟದಲ್ಲಿದ್ದರೆ ಸೊಗಸು.

ಇಷ್ಟು ದೂರದ ವಿಷಯವನ್ನು ಈ ಪತ್ರಿಕೆಯಲ್ಲಿ ಏಕೆ ಬೆಳೆಸಿದೆವೆಂದು ವಾಚಕರು ಕೇಳಬಹುದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿಯ ಆಚೆಗೆ ಉಳಿದ ನಮ್ಮ ಕನ್ನಡ ಶಾಲೆಗಳ ಮಕ್ಕಳಿಗೆ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ. “ನಿಮ್ಮ ಭಾಷೆಯಲ್ಲಿ ಓದಿದರೆ ಏನು ಲಾಭ? ಅದು ನಮ್ಮದಕ್ಕಿಂತ ಯಾವುದರಲ್ಲಿ ಮೇಲು?” ಎಂದು ಕೇಳುವವರಿದ್ದಾರೆ. ಲಾಭದ ಪ್ರಶ್ನೆ ನಿಜವಾದದ್ದು. ಹೊಟ್ಟೆಪಾಡಿನ ಚಿಂತೆಯುಳ್ಳ ತಾಯಿತಂದೆಗಳಿಗೆ ಅದಕ್ಕೆ ಪ್ರಾಮಾಣಿಕವಾದ ಉತ್ತರವನ್ನು ಉಪಾಧ್ಯಾಯರು ಕೊಡಲೇಬೇಕು. ಮೇಲುಕೀಳಿನ ಪ್ರಶ್ನೆಗೆ ಮಾತ್ರ ಹುಡುಗರು ಸಿಕ್ಕಿಬೀಳಬಾರದು. ಕನ್ನಡವು ಮರಾಠಿ, ಮಲಯಾಳ, ತಮಿಳು, ತೆಲುಗುಗಳಿಗಿಂತ ದೊಡ್ಡದೆಂದು ಸಾಧಿಸಹೊರಟವನು ಸೋತರೆ ಭಾಷೆಯನ್ನು ಬಿಡಬೇಕಾದೀತು, ಗೆದ್ದರೆ ನೆರೆಯವನನ್ನು ಕಳೆದುಕೊಳ್ಳಬೇಕಾದೀತು. ಎರಡೂ ನಷ್ಟವೇ.

ಭಾಷೆ ಕಾರಿನಂತಲ್ಲ, ಅದನ್ನು ಯಾರೂ ಮಾರುವುದಿಲ್ಲ, ಅದರಲ್ಲಿ ನಮ್ಮ ಅಜ್ಜಿಯಂದಿರು ಅತ್ತಿದ್ದಾರೆ, ನಕ್ಕಿದ್ದಾರೆ. ಆದ್ದರಿಂದ ಅದಕ್ಕೆ ಸಲ್ಲುವ ನಿಷ್ಠೆ ಎಷ್ಟೋ ಪಾಲು ಆಳವಾದದ್ದು. ಆದರೂ ನಿಯಮ ಒಂದೇ. ನಮ್ಮದೆಂಬ ಕಾರಣ ಸಾಕು. ಅದಕ್ಕಿಂತ ದೊಡ್ಡ ಕಾರಣವನ್ನು ಸುಳ್ಳಾಗಿ ಹೊಸೆಯಬೇಕಾಗಿಲ್ಲ. ತನ್ನದರಲ್ಲಿಯ ಕೊರತೆಯನ್ನು ಒಪ್ಪಿಕೊಳ್ಳುವ ಧೈರ್ಯ, ನೆರೆಯವನ ಅಭಿಮಾನವನ್ನು ತನ್ನದರಷ್ಟೇ ನಿಜವೆಂದು ಗೌರವಿಸುವ ಸೌಜನ್ಯ — ಇವೆರಡೂ ಇದ್ದಲ್ಲಿ ಅಭಿಮಾನ ಜ್ವರವಾಗುವುದಿಲ್ಲ. ತರಗತಿಯಲ್ಲಿ ಕುದುರೆಯ ಕಾರು ಹೆಚ್ಚೋ, ಗೂಳಿಯ ಕಾರು ಹೆಚ್ಚೋ ಎಂದು ಹುಡುಗರು ಜಗಳವಾಡುತ್ತಿದ್ದರೆ ಉಪಾಧ್ಯಾಯರು ಗದರಿಸಿ ಸುಮ್ಮನಾಗಿಸದೆ, “ನಿನಗೆ ಪ್ರಿಯವಾದದ್ದರ ಒಂದು ದೋಷವನ್ನು ಹೇಳು, ಅವನಿಗೆ ಪ್ರಿಯವಾದದ್ದರ ಒಂದು ಗುಣವನ್ನು ಹೇಳು” ಎಂದು ಕೇಳಲಿ. ಅದಕ್ಕೆ ಉತ್ತರ ಹೇಳಬಲ್ಲ ಹುಡುಗನ ಕೈಯಲ್ಲಿ ಮುಂದೆ ಭಾಷೆಯ ಅಭಿಮಾನವೂ ಕ್ಷೇಮವಾಗಿರುತ್ತದೆಂದು ನಾವು ನಂಬುತ್ತೇವೆ.