ಬೆರಳು ನಿಲ್ಲಿಸುವ ಚಿತ್ರ

ಆನ್‌ಲೈನ್ ಅಂಗಡಿಯಲ್ಲಿ ಮೊದಲು ಕಾಣುವುದು ಆಟವಲ್ಲ, ಆಟದ ಚಿತ್ರ. ತಿಂಗಳುಗಟ್ಟಲೆ ಬರೆದ ಕೋಡು, ಕೂಡಿಸಿದ ಸಂಗೀತ, ತಿದ್ದಿ ತೀಡಿದ ನಾಯಿಮರಿಯ ನಡಿಗೆ ಯಾವುದೂ ಇನ್ನೂ ಯಾರಿಗೂ ಗೊತ್ತಿಲ್ಲ. ಜಾರುತ್ತಿರುವ ಬೆರಳು ಒಂದು ಕ್ಷಣ ನಿಂತರೆ ಮಾತ್ರ ಅವಕ್ಕೆಲ್ಲ ಬದುಕು.

*

ನಾಯಿ, ಬೆಕ್ಕು, ಮೊಲ ಸಾಕುವ ಆಟವನ್ನು ಜನ ಗೆಲ್ಲಲಿಕ್ಕೆಂದು ಕೊಳ್ಳುವುದಿಲ್ಲ. ದಿನದ ಕೊನೆಗೆ ತಮ್ಮ ದಾರಿ ಕಾಯುವ ಜೀವವೊಂದು ಇದೆ ಅನ್ನಿಸಲಿ ಎಂದು ಕೊಳ್ಳುತ್ತಾರೆ. ಚಿತ್ರದಲ್ಲಿ ಬರಬೇಕಾದ್ದು ಪ್ರಾಣಿಗಿಂತ ಮೊದಲು ಆ ಕಾಯುವಿಕೆ.

*

ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಅಂಗಡಿಯಲ್ಲಿ ಆಟದ ಹೆಸರು ಹೊತ್ತ ಚಿತ್ರಕ್ಕೆ ಕ್ಯಾಪ್ಸೂಲು ಎನ್ನುತ್ತಾರೆ. ಸಣ್ಣ ಕ್ಯಾಪ್ಸೂಲಿಗೆ ಬಹುಕಾಲ ಇದ್ದ ಅಳತೆ 231×87 ಪಿಕ್ಸೆಲ್. ಈಗ ಅದರ ಎರಡರಷ್ಟು, 462×174 ಕೇಳುತ್ತಾರೆ. ಪಟ್ಟಿಯಲ್ಲಿ ಅದು ಕಾಣುವುದು ಮಾತ್ರ ಇನ್ನೂ ಪುಟ್ಟದಾಗಿಯೇ. ಅಷ್ಟು ಜಾಗದಲ್ಲಿ ಹನ್ನೆರಡು ಪ್ರಾಣಿ, ಒಂದು ತೋಟ, ಕಾಮನಬಿಲ್ಲು, ಮೇಲೊಂದು ಹೆಸರು ತುರುಕಿದರೆ ಉಳಿಯುವುದು ಬಣ್ಣದ ಕಲಸುಮೇಲೋಗರ. ಒಂದು ಮುಖ, ಒಂದು ಹೆಸರು. ಮಿಕ್ಕ ಸಂಸಾರವನ್ನೆಲ್ಲ ಸ್ಕ್ರೀನ್‌ಶಾಟುಗಳಲ್ಲಿ ತೋರಿಸಿ.

*

ಚಿಕ್ಕದರಲ್ಲಿ ನಿಂತದ್ದು ದೊಡ್ಡದರಲ್ಲೂ ನಿಲ್ಲುತ್ತದೆ. ದೊಡ್ಡದರಲ್ಲಿ ಮೆರೆದದ್ದು ಚಿಕ್ಕದರಲ್ಲಿ ಕಳೆದುಹೋಗುತ್ತದೆ.

*

ದೊಡ್ಡ ತಲೆ, ಎತ್ತರದ ಹಣೆ, ಮುಖದ ಕೆಳಭಾಗಕ್ಕೆ ಇಳಿದ ಅಗಲ ಕಣ್ಣು, ಉಬ್ಬಿದ ಕೆನ್ನೆ: ಇವನ್ನು ಕಂಡರೆ ಮನುಷ್ಯನಿಗೆ ಎತ್ತಿಕೊಳ್ಳುವ ಮನಸ್ಸಾಗುತ್ತದೆ ಎಂದು ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಲ್ಲೇ ಬರೆದರು. 1979ರಲ್ಲಿ ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಮಿಕ್ಕಿ ಮೌಸ್‌ನ ಹಳೆಯ, ಹೊಸ ಚಿತ್ರಗಳನ್ನು ಅಳೆದು ನೋಡಿ, ವರ್ಷ ಕಳೆದಂತೆ ಆ ಇಲಿ ಹಸುಳೆಯಾಗುತ್ತ ಹೋದದ್ದನ್ನು ತೋರಿಸಿದರು. ಸೂತ್ರ ಹಳೆಯದು, ಎಲ್ಲರಿಗೂ ತಿಳಿದದ್ದು. ಸಾಲಿನಲ್ಲಿರುವ ಎಲ್ಲ ಮರಿಗಳೂ ಕಣ್ಣರಳಿಸಿ ಕೂತಿರುವಾಗ ಇನ್ನೊಂದು ಜೋಡಿ ಅರಳಿದ ಕಣ್ಣು ಯಾರಿಗೆ ಬೇಕು?

*

ಮುದ್ದು ಎಲ್ಲ ಆಟಗಳಲ್ಲೂ ಸಿಗುತ್ತದೆ, ಸ್ವಭಾವ ಸಿಗುವುದು ಅಪರೂಪ. ಒಂದೇ ಕಿವಿ ನಿಮಿರಿದ ನಾಯಿ, ಸ್ನಾನವೆಂದರೆ ಮುನಿಸಿಕೊಳ್ಳುವ ಬೆಕ್ಕು, ಬಟ್ಟಲಿಗೆ ಬೆನ್ನು ಹಾಕಿ ಕೂತ ಮೊಲ. ಅಂದ ನೋಡಿ ಮುಂದೆ ಹೋದವರೂ ಸೊಟ್ಟತನ ನೆನಪಿಟ್ಟುಕೊಂಡು ಹಿಂದೆ ಬರುತ್ತಾರೆ.

*

ಒಳಹುಬ್ಬನ್ನು ಮೇಲೆತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಅದು ಹೆಸರಿಗಷ್ಟೇ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಸಾವಿರಾರು ವರ್ಷ ನಮ್ಮ ಜೊತೆ ಬಾಳಿ ನಾಯಿ ಪಡೆದದ್ದು ಕಲಾವಿದನಿಗೆ ಎರಡು ಗೆರೆಯ ಕೆಲಸ. ಆ ಹುಬ್ಬು ಸರಿಯಾಗಿ ಬಿದ್ದರೆ ಕಣ್ಣಿಗೆ ನಕ್ಷತ್ರ ಅಂಟಿಸಬೇಕಾಗಿಲ್ಲ.

*

ಪ್ರಾಣಿ ನಿಮ್ಮನ್ನು ನೋಡುತ್ತಿದ್ದರೆ ಅದು ಕರೆ. ಖಾಲಿ ಬಟ್ಟಲನ್ನು ನೋಡುತ್ತಿದ್ದರೆ ಕಥೆ. ಎತ್ತಲೋ ನೋಡಿ ನಗುತ್ತಿದ್ದರೆ ಗೋಡೆಗೆ ನೇತುಹಾಕುವ ಕ್ಯಾಲೆಂಡರ್.

*

ಆರೈಕೆಯ ಆಟದ ಚಿತ್ರದಲ್ಲಿ ಆರೈಕೆ ಕಾಣಬೇಕು. ಬರೀ ಬೆಕ್ಕಿನ ಮುಖ ಇಟ್ಟರೆ ಅದು ಒಗಟಿನ ಆಟವೋ, ಓಟದ ಆಟವೋ ಯಾರಿಗೆ ಗೊತ್ತು? ಬಾಚಣಿಗೆ ಹಿಡಿದ ಒಂದು ಕೈ, ಕಾಲಿಗೆ ಸುತ್ತಿದ ಬ್ಯಾಂಡೇಜು, ನೊರೆ ತುಂಬಿದ ಟಬ್ಬು ಇದ್ದರೆ ಸಾಕು, ಒಳಗೆ ಏನು ಕೆಲಸ ಕಾದಿದೆ ಎಂದು ತಿಳಿಯುತ್ತದೆ.

*

ಪ್ರಾಣಿ ಸಾಕಿದವರೇ ಇಂಥ ಆಟದ ಮೊದಲ ಗಿರಾಕಿಗಳು, ಅವರ ಕಣ್ಣು ಚುರುಕು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗುವುದಿಲ್ಲ. ಮೊಲದ ಊಟ ಹುಲ್ಲು, ಕ್ಯಾರೆಟ್ಟು ಬಾಯಿ ಚಪಲಕ್ಕಷ್ಟೇ. ಬೆಕ್ಕಿನ ಮುಂದೆ ಹಾಲಿನ ತಟ್ಟೆ, ಮೊಲದ ಮುಂದೆ ಕ್ಯಾರೆಟ್ಟಿನ ಗುಡ್ಡೆ ಇಟ್ಟ ಚಿತ್ರ ಕಂಡರೆ ಅವರಿಗೆ ಒಂದು ವಿಷಯ ಖಾತ್ರಿಯಾಗುತ್ತದೆ: ಈ ಆಟ ಮಾಡಿದವರ ಮನೆಯಲ್ಲಿ ಬೆಕ್ಕೂ ಇಲ್ಲ, ಮೊಲವೂ ಇಲ್ಲ.

*

2005ರಲ್ಲಿ ನಿಂಟೆಂಡೊ ಡಿಎಸ್ ಎಂಬ ಆಟದ ಯಂತ್ರಕ್ಕೆ ಬಂದ ‘ನಿಂಟೆಂಡಾಗ್ಸ್’ ಹೆಚ್ಚುಕಡಿಮೆ ಒಂದೇ ಆಟ, ಆದರೆ ಡಬ್ಬಿಗಳು ಹಲವು. ಒಂದರ ಮೇಲೆ ಲ್ಯಾಬ್ರಡಾರ್, ಇನ್ನೊಂದರ ಮೇಲೆ ಚಿವಾವಾ, ಮತ್ತೊಂದರ ಮೇಲೆ ಡ್ಯಾಶ್‌ಹುಂಡ್. ಅಂಗಡಿಗೆ ಹೋದವರು ಆಟ ಆರಿಸಲಿಲ್ಲ, ತಮ್ಮ ನಾಯಿಯನ್ನು ಆರಿಸಿದರು. ಡಬ್ಬಿ ಬಿಚ್ಚುವ ಮೊದಲೇ ಸಾಕಾಣಿಕೆ ಶುರುವಾಗಿತ್ತು.

*

2014ರ ಜಪಾನೀ ಆಟ ‘ನೆಕೊ ಅತ್ಸುಮೆ’ಯಲ್ಲಿ ನೀವು ತಿಂಡಿ ಇಟ್ಟು ಸುಮ್ಮನಿರಬೇಕು, ಬೆಕ್ಕುಗಳು ಮನಸ್ಸು ಬಂದಾಗ ಬರುತ್ತವೆ. ಅದರ ಚಿತ್ರಗಳೂ ಹಾಗೆಯೇ: ಸರಳ ಗೆರೆ, ಉರುಟು ಮೈ, ಅಬ್ಬರವಿಲ್ಲದ ಬಣ್ಣ. ನಿಧಾನದ ಆಟಕ್ಕೆ ಕಿರಿಚುವ ಚಿತ್ರ ಬರೆದರೆ ಬರುವವರು ಬೇರೆ ಯಾರೋ. ಬಂದು, ಬೇಸರಪಟ್ಟು, ಬೈದು ಹೋಗುತ್ತಾರೆ.

*

ಕ್ಯಾಪ್ಸೂಲಿನ ಮೇಲೆ ವಿಮರ್ಶೆಯ ಅಂಕ, ಪ್ರಶಸ್ತಿಯ ಹೆಸರು, ರಿಯಾಯಿತಿಯ ಕೂಗು ಇರಕೂಡದು ಎಂದು ಸ್ಟೀಮ್ 2022ರ ಸೆಪ್ಟೆಂಬರಿನಿಂದ ನಿಯಮ ಮಾಡಿತು. ಚಿತ್ರ, ಹೆಸರು, ಉಪಶೀರ್ಷಿಕೆ, ಅಷ್ಟೇ. ಮಾರಾಟದವರು ಗೊಣಗಿರಬಹುದು, ಕಲಾವಿದರಿಗೆ ಉಪಕಾರವಾಯಿತು. ಹೊಗಳಿಕೆ ಖಾಲಿ ಮಾಡಿದ ಜಾಗದಲ್ಲಿ ಬೆಕ್ಕು ಬಾಲ ಚಾಚಿತು.

*

ನಿಮ್ಮ ಚಿತ್ರ ಎಂದೂ ಒಂಟಿಯಾಗಿ ಕಾಣುವುದಿಲ್ಲ. ಸ್ಟೀಮ್ ಪುಟದ ಹಿನ್ನೆಲೆ ಕಡುನೀಲಿ, ಅಕ್ಕಪಕ್ಕದಲ್ಲಿ ಕತ್ತಿ, ಬೆಂಕಿ, ಗುಡುಗು. ಅಲ್ಲಿ ಕೆನೆಬಣ್ಣದ ನಾಯಿಮರಿ ತಾನಾಗಿ ಎದ್ದು ಕಾಣುತ್ತದೆ. ಅದೇ ಮರಿ ಮೊಬೈಲಿನ ಬಿಳಿ ಪುಟದಲ್ಲಿ ಮಾಯ. ಬಣ್ಣವನ್ನೆಲ್ಲ ತೆಗೆದು ಕಪ್ಪುಬಿಳುಪಿನಲ್ಲಿ ನೋಡಿ: ಮರಿ ಹಿನ್ನೆಲೆಯಿಂದ ಬೇರೆಯಾಗಿ ಕಂಡರೆ ಬಣ್ಣ ಏನೇ ಇರಲಿ, ಚಿತ್ರ ಗಟ್ಟಿ.

*

ಪ್ಲೇ ಸ್ಟೋರಿಗೆ ಕೊಡುವ ಐಕಾನು 512×512ರ ಚೌಕ. ಮೂಲೆಗಳನ್ನು ಗೂಗಲ್ ತಾನೇ ಉರುಟು ಮಾಡುತ್ತದೆ. ಮೂಲೆಯವರೆಗೆ ಕಿವಿ ಚಾಚಿದ ಮೊಲ ಕಿವಿ ಕಳೆದುಕೊಳ್ಳುತ್ತದೆ.

*

ಪ್ಲೇ ಸ್ಟೋರಿನ ಪುಟವನ್ನು ಕನ್ನಡದಲ್ಲೂ ಬರೆಯಬಹುದು, ಭಾಷೆಗೆ ತಕ್ಕಂತೆ ಚಿತ್ರಗಳನ್ನೂ ಬದಲಿಸಬಹುದು. ಆದರೆ ಇಂಗ್ಲಿಷಿನ ದಪ್ಪಕ್ಷರಕ್ಕೆಂದು ಅಳೆದ ಪಟ್ಟಿಯಲ್ಲಿ ಕನ್ನಡ ಹಿಡಿಸದು. ಬೆಕ್ಕಿನ ಒತ್ತು ಕೆಳಗೆ ಇಳಿಯುತ್ತದೆ, ಕೊಂಬು ಬಲಕ್ಕೆ ಚಾಚುತ್ತದೆ, ಎತ್ವ ತಲೆಯ ಮೇಲೆ ಏರುತ್ತದೆ. ಮೇಲೆ ಕೆಳಗೆ ಜಾಗ ಬಿಡದೆ ಲೋಗೊ ಮಾಡಿ, ಆಮೇಲೆ ‘ಕನ್ನಡ ಓದಲಿಕ್ಕೆ ಆಗುವುದಿಲ್ಲ’ ಎಂದು ದೂರುವವರಿದ್ದಾರೆ. ಲಿಪಿಯ ತಪ್ಪಲ್ಲ, ಅಳತೆಯ ತಪ್ಪು.

*

‘ಹೋಮ್‌ಸ್ಕೇಪ್ಸ್’, ‘ಗಾರ್ಡನ್‌ಸ್ಕೇಪ್ಸ್’ ಆಟಗಳ ಎರಡು ಜಾಹೀರಾತುಗಳು ದಾರಿ ತಪ್ಪಿಸುವಂಥವು ಎಂದು ಬ್ರಿಟನ್ನಿನ ಜಾಹೀರಾತು ನಿಗಾ ಸಂಸ್ಥೆ 2020ರಲ್ಲಿ ತೀರ್ಪು ಕೊಟ್ಟಿತು. ಆಟದಲ್ಲಿ ಅಪರೂಪಕ್ಕೆ ಎದುರಾಗುವ ಒಗಟನ್ನೇ ಇಡೀ ಆಟವೆಂಬಂತೆ ತೋರಿಸಿದ್ದರು. ತೀರ್ಪು ಬಂದದ್ದು ಎರಡು ಜಾಹೀರಾತುಗಳ ಮೇಲೆ. ಪಾಠ ಅಂಗಡಿಗೆ ಚಿತ್ರ ಬರೆಯುವ ಎಲ್ಲರಿಗೂ.

*

ಗಾಯಗೊಂಡು, ಮಳೆಯಲ್ಲಿ ನೆನೆದು, ಕಣ್ಣೀರಿಡುವ ಮರಿಯ ಚಿತ್ರವನ್ನು ಒತ್ತುವವರು ಬಹಳ. ಆದರೆ ಕನಿಕರದಿಂದ ಬಂದವರಿಗೆ ಒಳಗೆ ಮಾಡಲು ಕೆಲಸ ಇರಬೇಕು. ವಾಸಿ ಮಾಡುವ ಆಟವಾದರೆ ಗಾಯ ತೋರಿಸಿ. ಅಂಗಿ ತೊಡಿಸುವ ಆಟವಾದರೆ ಅಂಗಿ ತೋರಿಸಿ. ಇಲ್ಲದ ನೋವನ್ನು ಮಾರಾಟಕ್ಕೆ ಇಡಬೇಡಿ.

*

ತಾನು ಬರೆದ ಮೊಲಕ್ಕೆ ಮೂರೇ ಕಾಲು ಎನ್ನುವ ಕಲಾವಿದನ ಹಟ ಇಳಿಸಲು ಒಂದು ಉಪಾಯವಿದೆ. ಈಗಿನ ಚಿತ್ರದ ಜೊತೆ ಇನ್ನೂ ಮೂರರವರೆಗೆ ಇಟ್ಟು, ಬೇರೆ ಬೇರೆ ಜನರಿಗೆ ತೋರಿಸಿ ಹೋಲಿಸುವ ಸೌಲಭ್ಯ ಪ್ಲೇ ಸ್ಟೋರಿನಲ್ಲಿದೆ. ಸಲಕ್ಕೆ ಒಂದನ್ನೇ ಬದಲಿಸಿ. ಹಿನ್ನೆಲೆ, ಮುಖ, ಅಕ್ಷರ ಮೂರನ್ನೂ ಬದಲಿಸಿದರೆ ಗೆದ್ದದ್ದು ಯಾವುದೆಂದು ಗೊತ್ತಾಗದು. ಎಷ್ಟು ಜನ ಒತ್ತಿದರು ಎಂದು ಅಂಕಿ ಹೇಳುತ್ತದೆ. ಏಕೆ ಒತ್ತಿದರು ಎಂಬುದನ್ನು ಕಲಾವಿದನೇ ಊಹಿಸಬೇಕು. ಅವನಿಗೆ ಸಂಬಳ ಕೊಡುವುದು ಆ ಊಹೆಗೆ.

*

ಕ್ಯಾಪ್ಸೂಲನ್ನು ಕುಂಚದಿಂದ ಎಷ್ಟು ಬೇಕಾದರೂ ಚೆಂದ ಮಾಡಿ. ಸ್ಕ್ರೀನ್‌ಶಾಟು ಮಾತ್ರ ಆಟದ್ದೇ ಇರಬೇಕು ಎನ್ನುತ್ತದೆ ಸ್ಟೀಮ್. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಕೊಂಡವರ ಸಿಟ್ಟು ಹೆಚ್ಚು.

*

ಹಣ ಕೊಟ್ಟ ಮೇಲೆ ಚಿತ್ರದ ಕೆಲಸ ಬದಲಾಗುತ್ತದೆ. ಕೊಂಡ ಆಟಗಳು ಸೇರುವ ಸ್ಟೀಮ್ ಲೈಬ್ರರಿಯ 3840×1240ರ ಅಗಲ ಚಿತ್ರದಲ್ಲಿ ಅಕ್ಷರವೇ ಇರಬಾರದು. ಮಾರುವ ಮಾತು ಮುಗಿದಿದೆ. ಇನ್ನು ಮತ್ತೆ ಮತ್ತೆ ಬರುವವರನ್ನು ಬರಮಾಡಿಕೊಳ್ಳುವ ಕೆಲಸ. ಬಹಳ ಜನ ಇದನ್ನು ಕೊನೆಯ ದಿನ ಅವಸರದಲ್ಲಿ ಮುಗಿಸುತ್ತಾರೆ. ಕೊಂಡವರೇ ಹೆಚ್ಚು ಸಲ ನೋಡುವ ಚಿತ್ರ ಇದು.

*

ಅಂಗಡಿಯ ಚಿತ್ರ ಒಳ್ಳೆಯದೋ ಅಲ್ಲವೋ ಎಂದು ಆಟ ಕೊಳ್ಳುವ ಮುನ್ನ ನೋಡಿದವರನ್ನು ಕೇಳಬೇಡಿ. ವಾರಗಟ್ಟಲೆ ಆಡಿ, ಮರಿಗೆ ಹೆಸರಿಟ್ಟು, ಮೈ ತಿಕ್ಕಿ, ಔಷಧ ಕುಡಿಸಿದವರಿಗೆ ಅದನ್ನು ಮತ್ತೊಮ್ಮೆ ತೋರಿಸಿ. ‘ಹೌದು, ಇದು ನಮ್ಮದೇ’ ಎಂದರೆ ಚಿತ್ರಕ್ಕೆ ಸುರಿದ ದುಡ್ಡು ವಸೂಲು.