ಬೀದಿಯ ಮೇಲೆ ಯಾರ ಹಕ್ಕು?

ಒಂದು ಬೀದಿಯನ್ನು ಸುಧಾರಿಸಬೇಕೆಂದರೆ ಯಾರೂ ಬೇಡವೆನ್ನುವುದಿಲ್ಲ. ಚರಂಡಿ ಸರಿಯಾಗಲಿ, ದೀಪ ಉರಿಯಲಿ, ನಡೆಯುವುದಕ್ಕೆ ಜಾಗವಿರಲಿ ಎಂಬ ಮಾತಿಗೆ ವಿರೋಧ ಎಲ್ಲಿಂದ ಬಂದೀತು? ತೊಡಕು ಹುಟ್ಟುವುದು ಅದರ ಮುಂದಿನ ಪ್ರಶ್ನೆಯಿಂದ. ಈ ಸುಧಾರಣೆ ಯಾರಿಗಾಗಿ? ಅದನ್ನು ನಿರ್ಧರಿಸತಕ್ಕವರು ಯಾರು? ಇದನ್ನು ಪಾಲಿಕೆಯ ಇಂಜಿನಿಯರರ ಮೇಜಿನ ಮೇಲೆ ಬಿಟ್ಟು ನಾವು ಸುಮ್ಮನಾಗುವುದು ವಾಡಿಕೆ. ಆದರೆ ಇದು ಸಿಮೆಂಟು ಜಲ್ಲಿಯ ಪ್ರಶ್ನೆಗಿಂತ ಹೆಚ್ಚಾಗಿ ನ್ಯಾಯ ಅನ್ಯಾಯದ ಪ್ರಶ್ನೆಯೆಂದು ನನ್ನ ಎಣಿಕೆ.

ದೆಹಲಿಯ ವಾಚಕರಿಗೆ ಸತ್ಯ ನಿಕೇತನದ ಪರಿಚಯ ಇದ್ದೇ ಇದೆ. ಕರ್ನಾಟಕ ಸಂಘದ ಕಟ್ಟಡವಿರುವ ರಾವ್ ತುಲಾರಾಮ್ ಮಾರ್ಗದಿಂದ ಅದು ಬಹಳ ದೂರವೇನಲ್ಲ. ಬೇರೆ ಊರಿನವರಿಗಾಗಿ ಎರಡು ಮಾತು. ಬೆನಿಟೊ ಜುವಾರೆಜ್ ಮಾರ್ಗದ ಒಂದು ಮಗ್ಗುಲಿಗೆ ತಿರುಮಲ ತಿರುಪತಿ ದೇವಸ್ಥಾನದವರು 1961ರಲ್ಲಿ ಆರಂಭಿಸಿದ ಶ್ರೀ ವೆಂಕಟೇಶ್ವರ ಕಾಲೇಜು, ಸುತ್ತಮುತ್ತ ಇನ್ನೂ ಹಲವು ಕಾಲೇಜುಗಳು, 1984ರಿಂದ ದೆಹಲಿ ವಿಶ್ವವಿದ್ಯಾನಿಲಯದ ದಕ್ಷಿಣ ಆವರಣ. ಇನ್ನೊಂದು ಮಗ್ಗುಲಿಗೆ ಸಣ್ಣ ಸಣ್ಣ ನಿವೇಶನಗಳ ಈ ವಸತಿ. 2018ರಲ್ಲಿ ದುರ್ಗಾಬಾಯಿ ದೇಶಮುಖರ ಹೆಸರಿನ ಮೆಟ್ರೊ ನಿಲ್ದಾಣವೂ ಬಂತು. ಮನೆಗಳ ಮೇಲೆ ಮಹಡಿಗಳು ಎದ್ದವು. ಮೇಲೆ ಪೇಯಿಂಗ್ ಗೆಸ್ಟ್ ಹುಡುಗ ಹುಡುಗಿಯರು, ಕೆಳಗೆ ಜೆರಾಕ್ಸ್ ಅಂಗಡಿ, ಕೆಫೆ, ಮೊಮೊ, ಛೋಲೆ ಕುಲ್ಚೆ, ಮೊಬೈಲ್ ರಿಪೇರಿ. ಮಧ್ಯಾಹ್ನ ಕಾಲೇಜು ಬಿಟ್ಟ ಹೊತ್ತಿಗೆ ಅಲ್ಲಿ ನಡೆದು ಹೋಗಬೇಕಾದರೆ ಭುಜ ಓರೆ ಮಾಡಿಕೊಂಡೇ ಹೋಗಬೇಕು.

ಅಲ್ಲಿಯ ಮನೆಯವರ ಅಪೇಕ್ಷೆಗಳಲ್ಲಿ ಯಾವುದೂ ಅನ್ಯಾಯದ್ದಲ್ಲ. ಕಾರುಗಳು ಅಡ್ಡಾದಿಡ್ಡಿ ನಿಲ್ಲಬಾರದು. ಜೋತುಬಿದ್ದ ವಿದ್ಯುತ್ ತಂತಿಗಳು ಒಂದು ಕ್ರಮಕ್ಕೆ ಬರಬೇಕು. ಎಣ್ಣೆ ಜಿಡ್ಡಿನ ನೀರು ಚರಂಡಿಗೆ ಬೀಳಬಾರದು. ರಾತ್ರಿ ಗದ್ದಲ ಕಡಿಮೆಯಾಗಬೇಕು. ನನ್ನ ಪರಿಚಯದ ಒಬ್ಬ ನಿವೃತ್ತ ಪಂಜಾಬಿ ಹಿರಿಯರು ಹೇಳಿದ್ದುಂಟು: "ಭಾಯಿಸಾಹೇಬ್, ನನಗೆ ಎದೆನೋವು ಬಂದರೆ ಆಂಬ್ಯುಲೆನ್ಸ್ ಬಾಗಿಲಿಗೆ ಬರುವಷ್ಟರಲ್ಲಿ ನಿಗಮಬೋಧ್ ಘಾಟಿಗೆ ಹೊರಡುವ ಹೊತ್ತಾಗಿರುತ್ತದೆ." ನಗುತ್ತಲೇ ಹೇಳಿದರು, ಆದರೆ ಅದು ನಗುವ ಮಾತಲ್ಲ. ಇಂಥ ಹಿರಿಯರನ್ನು ಸ್ವಾರ್ಥಿಗಳೆಂದು ಜರೆಯುವುದು ಸುಲಭ, ಸರಿಯಲ್ಲ.

ಆದರೆ ಪಟ್ಟಿಯ ಕೊನೆಗೆ ಬರುವ ಹೊತ್ತಿಗೆ ದನಿ ಬದಲಾಗುತ್ತದೆ. ಗಾಡಿಯವರನ್ನು ಎಬ್ಬಿಸಬೇಕು, ಹೊರಗಿನ ಹುಡುಗರ ಹಾವಳಿ ತಪ್ಪಬೇಕು ಎಂಬ ಮಾತು ಬರುತ್ತದೆ. 'ಹೊರಗಿನವರು' ಎಂಬ ಈ ಶಬ್ದದ ಬಳಿ ನಾನು ನಿಲ್ಲಬಯಸುತ್ತೇನೆ. ಬೀದಿಯಲ್ಲಿ ಒಳಗಿನವರು ಯಾರು? ಮನೆಯ ಕಾಗದಪತ್ರ ಯಾರ ಹೆಸರಿನಲ್ಲಿದೆಯೋ ಅವರು ಮಾತ್ರವೇ?

ಈ ಬಗೆಯ ಬೀದಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ನಡೆದ ಅನಾಹುತಗಳನ್ನೇ ನೋಡಿ. 2022ರ ಏಪ್ರಿಲ್ 25ರಂದು ಇದೇ ಸತ್ಯ ನಿಕೇತನದಲ್ಲಿ ದುರಸ್ತಿ ನಡೆಯುತ್ತಿದ್ದ ಕಟ್ಟಡವೊಂದು ಕುಸಿದು ಇಬ್ಬರು ಕೂಲಿಕಾರರು ಸತ್ತರು. 2023ರ ಜೂನ್ 15ರಂದು ಉತ್ತರ ಆವರಣದ ಕಡೆಯ ಮುಖರ್ಜಿ ನಗರದಲ್ಲಿ ಕೋಚಿಂಗ್ ಕಟ್ಟಡಕ್ಕೆ ಬೆಂಕಿ ಹತ್ತಿದಾಗ ವಿದ್ಯಾರ್ಥಿಗಳು ಕಿಟಕಿಯಿಂದ ಹಗ್ಗ, ತಂತಿ ಹಿಡಿದು ಇಳಿದದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. 2024ರ ಜುಲೈ 27ರಂದು ಹಳೆಯ ರಾಜೇಂದ್ರ ನಗರದಲ್ಲಿ ನೆಲಮಾಳಿಗೆಯ ಗ್ರಂಥಾಲಯಕ್ಕೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ಮೂವರೂ ಬೇರೆ ರಾಜ್ಯಗಳಿಂದ ಬಂದವರು. ಚರಂಡಿ ಕಟ್ಟಿದರೆ ಮನೆಯ ಯಜಮಾನನ ಮೆಟ್ಟಿಲಿಗೆ ನೀರು ಬರುತ್ತದೆ, ನಿಜ. ಪ್ರಾಣ ಹೋದದ್ದು ಮಾತ್ರ ಯಾವ ನಿವಾಸಿಗಳ ಸಂಘದ ರಿಜಿಸ್ಟರಿನಲ್ಲೂ ಹೆಸರಿಲ್ಲದವರದ್ದು. ಬೀದಿಯ ಅಪಾಯದಲ್ಲಿ ಪಾಲುಳ್ಳವನಿಗೆ ಬೀದಿಯ ವಿಚಾರದಲ್ಲಿ ಮಾತಿನ ಪಾಲೂ ಇರಬೇಕು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ಇದಕ್ಕೆ ಹಿರಿಯರ ಉತ್ತರ ಸಿದ್ಧವಾಗಿದೆ. "ಹುಡುಗರು ಮೂರು ವರ್ಷ ಇದ್ದು ಹೋಗುತ್ತಾರೆ, ನಾವು ಇಲ್ಲೇ ಸಾಯುವವರು." ಈ ಮಾತಿನಲ್ಲಿ ತೂಕವಿದೆ. ಯಾವ ಮಳೆಗೆ ಯಾವ ಮೂಲೆ ತುಂಬುತ್ತದೆ, ಯಾವ ಗುತ್ತಿಗೆದಾರ ಯಾವ ವರ್ಷ ಕಳಪೆ ಕೆಲಸ ಮಾಡಿದ ಎಂಬ ಜ್ಞಾಪಕ ಇರುವುದು ಹಳಬರಿಗೇ. ಆ ಜ್ಞಾಪಕವಿಲ್ಲದೆ ಯಾವ ಸುಧಾರಣೆಯೂ ನಿಲ್ಲದು. ಆದರೆ ಒಬ್ಬ ಹುಡುಗ ಹೋದ ಮೇಲೆ ಅವನ ಕೋಣೆಗೆ ಮತ್ತೊಬ್ಬ ಬರುತ್ತಾನಲ್ಲವೇ? ವಿದ್ಯಾರ್ಥಿ ಬದಲಾಗುತ್ತಾನೆ, ವಿದ್ಯಾರ್ಥಿಗಳು ಬದಲಾಗುವುದಿಲ್ಲ. ಅವರ ಬಾಡಿಗೆಯಿಂದಲೇ ಆ ಮನೆಗಳ ಮೂರನೆಯ ಮಹಡಿ ಎದ್ದಿತೆಂಬುದನ್ನೂ ಮರೆಯಬಾರದು.

ಅಲ್ಲದೆ, ಇರುವ ವರ್ಷಗಳ ಲೆಕ್ಕದಿಂದ ಹಕ್ಕನ್ನು ಅಳೆಯಹೊರಟರೆ ನಮ್ಮ ಗತಿಯೇನು? ನಾವು ಕೇಂದ್ರ ಸರ್ಕಾರದ ನೌಕರರು. ಇಂದು ನಾನಕಪುರದ ಕ್ವಾರ್ಟರ್ಸು, ನಾಳೆ ಆರ್.ಕೆ. ಪುರಂ, ವರ್ಗವಾದರೆ ನಾಗಪುರ. ಯಾವ ಬೀದಿಯೂ ಕಾಗದದ ಮೇಲೆ ನಮ್ಮದಲ್ಲ. ಮುಂಬಯಿಯ ಚಾಳಿನಲ್ಲಿ, ಪುಣೆಯ ಬಾಡಿಗೆ ಮನೆಯಲ್ಲಿ, ಹೈದರಾಬಾದಿನಲ್ಲಿ ಬದುಕು ಕಟ್ಟಿದ ನಮ್ಮ ಹಿಂದಿನವರನ್ನು ಒಂದಲ್ಲ ಒಂದು ದಿನ ಯಾರಾದರೂ ಹೊರಗಿನವರೆಂದು ಕರೆದೇ ಇದ್ದಾರೆ. ಆ ಶಬ್ದವನ್ನು ಬೇರೆಯವರ ಮೇಲೆ ಎಸೆಯುವಾಗ ಕನ್ನಡಿಗನ ಕೈ ಸ್ವಲ್ಪ ತಡೆಯಬೇಕು.

ನಾನು ಬಿ.ಎಸ್ಸಿ. ಓದಿದ್ದು ಧಾರವಾಡದಲ್ಲಿ. ಅಲ್ಲಿಯ ಖಾನಾವಳಿಗಳಿಗೆ ಬೋರ್ಡು ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ತಿಂಗಳ ಕೊನೆಗೆ ಹಣ ಬಾರದಿದ್ದರೆ "ಇರ್ಲಿ ತಗೊಳ್ರಿ, ಮನ್ಯಾಗಿಂದ ಬಂದ ಮ್ಯಾಲೆ ಕೊಡೀರಂತ" ಎಂದು ಜೋಳದ ರೊಟ್ಟಿ ಬಡಿಸುತ್ತಿದ್ದ ಅಕ್ಕನವರು ಎಷ್ಟು ಜನ! ಅದೇ ಊರಿನ ಸುಭಾಸ ರಸ್ತೆ ಶುದ್ಧ ವ್ಯಾಪಾರದ ಬೀದಿ. ಆದರೆ 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟವಿರುವುದು ಅಲ್ಲಿಯೇ. ಅಂಗಡಿಗಳ ಸಾಲಿನ ಆ ಅಟ್ಟಕ್ಕೆ ಕನ್ನಡದ ಎಷ್ಟೋ ಮಂದಿ ಲೇಖಕರು ಮೆಟ್ಟಿಲು ಹತ್ತಿ ಹೋದರು. ಇದನ್ನೇಕೆ ಹೇಳಿದೆನೆಂದರೆ, ಬೀದಿಯ ನಕ್ಷೆ ಬರೆಯುವಾಗ ರಸ್ತೆಯ ಅಗಲ ಕಾಣುತ್ತದೆ, ಕಂಬ ಕಾಣುತ್ತದೆ. ಸಾಲದ ರೊಟ್ಟಿ, ಅಟ್ಟದ ಹರಟೆ ಕಾಣುವುದಿಲ್ಲ. ಕಾಣದ್ದನ್ನು ಸುಲಭವಾಗಿ ಗುಡಿಸಿಬಿಡುತ್ತೇವೆ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. ದೆಹಲಿಯ ಬೀದಿ ವ್ಯಾಪಾರಿಗಳ ಮೊಕದ್ದಮೆಯಲ್ಲೇ 1989ರಲ್ಲಿ ಸರ್ವೋಚ್ಚ ನ್ಯಾಯಾಲಯ, ಬೀದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನ ಕೊಟ್ಟ ವೃತ್ತಿಯ ಹಕ್ಕಿನೊಳಗೆ ಬರುತ್ತದೆ, ಆದರೆ ಇದೇ ಜಾಗ ಬೇಕೆಂಬ ಹಕ್ಕಿಲ್ಲ, ನಿರ್ಬಂಧ ಹಾಕಬಹುದು ಎಂದಿತು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ನಗರ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ವ್ಯಾಪಾರಿಗಳಿಗೇ ಸೇರಬೇಕು, ಅದರಲ್ಲಿ ಮೂರನೆಯ ಒಂದು ಭಾಗ ಹೆಂಗಸರಿಗೆ. ಗಣತಿ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಕೂಡದು. ಅಂಗಡಿಕಾರರ ಸಂಘಕ್ಕೂ ನಿವಾಸಿಗಳ ಸಂಘಕ್ಕೂ ಆ ಸಮಿತಿಯಲ್ಲಿ ಜಾಗವಿದೆ. ವಿದ್ಯಾರ್ಥಿಗಳ ಹೆಸರು ಮಾತ್ರ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ವಿಶ್ವವಿದ್ಯಾನಿಲಯದ ಬಗಲಿನ ಬೀದಿಗೆ ಇದೊಂದು ದೊಡ್ಡ ಕೊರತೆಯೇ ಸರಿ.

ಅತಿಕ್ರಮಣವೆಂದ ಕೂಡಲೇ ನಮ್ಮ ಕಣ್ಣು ಚಹಾ ಗಾಡಿಯ ಕಡೆ ತಿರುಗುತ್ತದೆ. ಕೊಂಚ ಲೆಕ್ಕ ಹಾಕೋಣ. 2007ರಲ್ಲಿ ಜಾರಿಗೆ ಬಂದ ದೆಹಲಿಯ ಮಹಾಯೋಜನೆ ಬಯಲಿನಲ್ಲಿ ಒಂದು ಕಾರು ನಿಲ್ಲಲು, ಓಡಾಟದ ಜಾಗವೂ ಸೇರಿ, 23 ಚದರ ಮೀಟರು ಬೇಕೆಂದು ಹೇಳುತ್ತದೆ. ಗಾಡಿಗೆ ಎರಡೋ ಮೂರೋ ಚದರ ಮೀಟರು. ಗಾಡಿಯ ಮುಂದೆ ದಿನಕ್ಕೆ ನೂರಾರು ಜನ ನಿಂತು ಹೋಗುತ್ತಾರೆ; ಕಾರು ಒಬ್ಬ ಯಜಮಾನನಿಗಾಗಿ ಇಪ್ಪತ್ತು ಗಂಟೆ ಮಲಗಿರುತ್ತದೆ. ಕಾರಿಗೆ ಯಾರೂ ಅತಿಕ್ರಮಣವೆನ್ನುವುದಿಲ್ಲ! ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಂತೆ ಕಾಲುದಾರಿಯಲ್ಲಿ ಕನಿಷ್ಠ 1.8 ಮೀಟರು ಅಡೆತಡೆಯಿಲ್ಲದೆ ಇರಬೇಕು. ಅದನ್ನು ಕಾರು, ಗಾಡಿ, ಅಂಗಡಿಯವನ ಮುಂಚಾಚು, ಮನೆಯವರ ಮೆಟ್ಟಿಲು, ಎಲ್ಲರಿಗೂ ಒಂದೇ ಟೇಪಿನಿಂದ ಅಳೆದರೆ ನನ್ನ ತಕರಾರಿಲ್ಲ. ಬಡವನಿಗೊಂದು ಟೇಪು, ಯಜಮಾನನಿಗೊಂದು ಟೇಪು ಆಗಬಾರದು.

ಎರಡು ವಸ್ತುಗಳು ಏಕಕಾಲಕ್ಕೆ ಒಂದೇ ಸ್ಥಳದಲ್ಲಿರಲಾರವೆಂದು ಶಾಲೆಯಲ್ಲಿ ಕಲಿತೆವು. 'ಏಕಕಾಲಕ್ಕೆ' ಎಂಬ ಪದವನ್ನು ಮಾತ್ರ ಮರೆತುಬಿಟ್ಟಿದ್ದೇವೆ. ಬೆಳಗಿನ ಆರರಿಂದ ಎಂಟರವರೆಗೆ ಹಾಲು, ತರಕಾರಿ, ಸಾಮಾನಿನ ಲಾರಿ. ಹನ್ನೆರಡರಿಂದ ಮೂರರವರೆಗೆ ಕಾರುಗಳಿಗೆ ತಡೆ, ನಡೆಯುವವರಿಗೆ ಬೀದಿ. ಸಂಜೆ ಗಾಡಿಗಳು, ಅದೂ ಗೆರೆ ಎಳೆದ ಒಂದೇ ಮಗ್ಗುಲಿಗೆ, ಆಂಬ್ಯುಲೆನ್ಸಿನ ದಾರಿ ಬಿಟ್ಟು. ಹೀಗೆ ಕಾಲವನ್ನು ಹಂಚಿಕೊಂಡರೆ ಜಾಗ ತಾನಾಗಿ ದೊಡ್ಡದಾಗುತ್ತದೆ. ಇದು ಕೂಡ ಕಷ್ಟವೇ, ಬಲ್ಲೆ. ಆಫೀಸಿನಲ್ಲಿ ಒಂದು ಫೈಲು ನಾಲ್ಕು ಮೇಜು ದಾಟಲು ಎಷ್ಟು ದಿನ ಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೀಗ ಜಡಿಯುವುದು ಅದಕ್ಕಿಂತ ಸಲೀಸು. 2006ರಲ್ಲಿ, ಮತ್ತೆ 2017ರ ಡಿಸೆಂಬರಿನಿಂದ, ದೆಹಲಿಯಲ್ಲಿ ಅಂಗಡಿಗಳಿಗೆ ಮೊಹರು ಹಾಕುವ ಕೆಲಸ ನಡೆಯಿತು. ಕಾನೂನು ಮುರಿದದ್ದು ನಿಜವಿರಬಹುದು. ಆದರೆ ಮೊಹರು ಬಿದ್ದ ದಿನ ಕೆಲಸ ಕಳೆದುಕೊಳ್ಳುವವನು ಕಟ್ಟಡದ ಒಡೆಯನಲ್ಲ, ಲೋಟ ತೊಳೆಯುವ ಹುಡುಗ.

ವಿದ್ಯಾರ್ಥಿಗಳಿಗೂ ಹೇಳತಕ್ಕದ್ದಿದೆ. ಮಾತಿನ ಪಾಲು ಬೇಕೆಂದರೆ ಕೆಲಸದ ಪಾಲೂ ಬೇಕು. ತಟ್ಟೆ ಲೋಟ ಬೀದಿಗೆ ಎಸೆದು, ನಡುರಾತ್ರಿ ಮೋಟರ್‌ಸೈಕಲ್ಲಿನ ಸೈಲೆನ್ಸರ್ ತೆಗೆದು ಓಡಿಸಿ, ಆಮೇಲೆ ನಮ್ಮ ಹಕ್ಕು ಎನ್ನುವುದು ಒಪ್ಪುವ ಮಾತಲ್ಲ.

ಈಗ ಅಂಗಡಿ ಮುಚ್ಚುವ ಹೊತ್ತಿನ ವಿಷಯ. ರಾತ್ರಿ ಒಂಬತ್ತಕ್ಕೇ ಬಾಗಿಲು ಹಾಕಿಸಬೇಕೆಂದು ಹಿರಿಯರ ಬೇಡಿಕೆ. ಅವರಿಗೆ ನಿದ್ದೆ ಬೇಕು. ಮೆಟ್ರೊ ಇಳಿದು ಒಂಬತ್ತೂವರೆಗೆ ಕೋಣೆಗೆ ಮರಳುವ ಹುಡುಗಿಗೆ ದಾರಿ ತೋರಿಸುವುದು ಅವೇ ಅಂಗಡಿಗಳ ಬೆಳಕು, ಅವೇ ಗಾಡಿಗಳ ಸುತ್ತ ನಿಂತ ಜನ. ಮೊದಲು ಬೀದಿದೀಪಗಳು ಬರಲಿ, ಆಮೇಲೆ ಮುಚ್ಚುವ ಹೊತ್ತನ್ನು ಗೊತ್ತುಮಾಡಲಿ ಎಂದೆ. ನಮ್ಮ ಪಂಜಾಬಿ ಹಿರಿಯರು ಈ ಕ್ರಮವನ್ನು ಒಪ್ಪಿದರು. ಹಾಗಾದರೆ ಕಂಬಗಳನ್ನು ಎಲ್ಲೆಲ್ಲಿ ನೆಡಬೇಕೆಂದು ಆ ಹುಡುಗಿಯರನ್ನೇ ಸಭೆಗೆ ಕರೆದು ಕೇಳಬಹುದಲ್ಲ ಎಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಅವರು ಸದಸ್ಯರಲ್ಲವಲ್ಲ" ಎಂದರು.